ಮಧ್ಯಾಹ್ನವಾದರೆ ತೆರೆಯದ ಬೀಗ

ನಾಲ್ಕು ಜನ ಕೂತಲ್ಲಿ ನಾನು ಬಾಯಿ ಬಿಡುವವಳಲ್ಲ, ಮೊಮ್ಮಕ್ಕಳೇ, ನಿಮಗೆ ಗೊತ್ತು. ಮುಧೋಳದ ಮನೆಗೆ ನಿಮ್ಮ ಅಪ್ಪನ ಕಾರಖಾನೆಯ ಸ್ನೇಹಿತರು ಬಂದರೆ ಆಯಿ ಅಡುಗೆಮನೆಯಲ್ಲಿ ನಿಂತು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ ಎಂದು ನೀವು ನಗುತ್ತೀರಿ. ನಗಿರಿ, ಅದು ನಿಜವೇ. ಅದಕ್ಕೇ ಈ ಮಾತನ್ನು ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ. ಒಂದು ಚಳಿಗಾಲದಲ್ಲಿ ಹತ್ತೊಂಬತ್ತು ದಿನ, ನನ್ನ ಬುದ್ಧಿ ಕೈಬಿಟ್ಟು ಹೋಗುತ್ತಿದೆ ಎಂದು ನಾನು ನಂಬಿದ್ದೆ. ಹಾಗೆ ನಂಬಿಸಿದ್ದು ಒಂದು ಕಂಪ್ಯೂಟರಿನ ಬೀಗ.

ಬೀಗದ ವಿಷಯದಲ್ಲಿ ನಾನು ಮೊದಲಿನಿಂದಲೂ ದಡ್ಡಿ. ಬೀಳಗಿ ಕಡೆಯ ನನ್ನ ತವರಿನಲ್ಲಿ ಬಾಗಿಲಿಗೆ ಚಿಲಕ ಇತ್ತು, ಅದೂ ನಾಯಿ ಬಂದು ರೊಟ್ಟಿ ಬುಟ್ಟಿಗೆ ಬಾಯಿ ಹಾಕದಿರಲಿ ಎಂದು. ಆಣೆಕಟ್ಟಿನ ಹಿನ್ನೀರು ಬಂದು ಊರು ಎತ್ತಿ, ಸರಕಾರದವರು ಸಾಲಾಗಿ ಗೆರೆ ಎಳೆದು ಕೊಟ್ಟ ಹೊಸ ಊರಿಗೆ ಹೋದಾಗಲೇ ನಮ್ಮ ಅಪ್ಪ ಜೀವಮಾನದಲ್ಲಿ ಮೊದಲ ಬೀಗ ಕೊಂಡದ್ದು. ಅದಕ್ಕೆ ಮೂರು ಕೀಲಿಕೈ ಬಂದಿದ್ದವು. ಒಂದು ಅಪ್ಪನ ಉಡದಾರದಲ್ಲಿ, ಒಂದು ದೇವರ ಫೋಟೋದ ಹಿಂದೆ, ಮೂರನೆಯದು ಜೋಳದ ಡಬ್ಬಿಯಲ್ಲಿ. ಕಬ್ಬಿಣದ ಕೀಲಿ ಕಳೆದರೆ ಹೀಗೆ ಹುಡುಕಲು ಒಂದು ಜಾಗವಾದರೂ ಇರುತ್ತದೆ. ಕಂಪ್ಯೂಟರಿನ ಬೀಗದ ಕೀಲಿ ಇರುವುದು ತಲೆಯಲ್ಲಿ. ಅದು ಕಳೆದರೆ ಯಾವ ಡಬ್ಬಿ ಬಗ್ಗಿಸಿ ನೋಡುವುದು?

ಆ ಕಂಪ್ಯೂಟರು ನನ್ನ ಕೈಗೆ ಬಂದ ಬಗೆ ಹೇಳುತ್ತೇನೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಬನಹಟ್ಟಿಯ ಮನೆ ಬಿಡಲಿಲ್ಲ. ಓಣಿಯ ನೇಕಾರ ಹೆಂಗಸರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಅವರಿಗೆ ಸೀರೆ ನೇಯುವುದು ಗೊತ್ತಿತ್ತು, ಅರ್ಜಿ ಬರೆಯುವುದು ಗೊತ್ತಿರಲಿಲ್ಲ. ನಾನು ಹಳ್ಳಿಯ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಅಕ್ಷರ ದುಂಡಗೆ. ಪಿಂಚಣಿಗೆ, ರೇಷನ್ ಕಾರ್ಡಿಗೆ, ಮಗಳ ವಿದ್ಯಾರ್ಥಿವೇತನಕ್ಕೆ ಅವರು ಬಾಯಲ್ಲಿ ಹೇಳುವುದನ್ನು ನಾನು ಕಾಗದದ ಮೇಲೆ ಇಳಿಸುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ಜಮಖಂಡಿಯ ಒಂದು ಕಾಲೇಜು ತನ್ನ ಹಳೆಯ ಕಂಪ್ಯೂಟರೊಂದನ್ನು ಸಂಘಕ್ಕೆ ಕೊಟ್ಟಿತು. ಅಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸರೋಜಾ ಟೀಚರ್ ತಾವೇ ಬಸ್ಸಿನಲ್ಲಿ ಬಂದು ಅದರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟರು. ಇದಕ್ಕೆ ಹಣ ಕೊಡುವುದು ಬೇಡ, ಪ್ರಪಂಚದ ಎಲ್ಲೆಲ್ಲಿಯವರೋ ಸೇರಿ ಮಾಡಿ ಹಂಚುತ್ತಾರೆ, ಕನ್ನಡವೂ ಬರುತ್ತದೆ ಎಂದರು. ದಾಸೋಹದಂತೆ ಅಂದುಕೊಂಡೆ. ಮಠದ ಪ್ರಸಾದಕ್ಕೆ ಹಿಟ್ಟು ಯಾರ ಮನೆಯದು, ಬೆಲ್ಲ ಯಾರ ಗಾಣದ್ದು ಎಂದು ಉಣ್ಣುವವರಿಗೆ ಗೊತ್ತಿರುತ್ತದೆಯೇ?

ಒಂದೇ ಕೀಲಿಮಣೆಯಲ್ಲಿ ಎರಡು ಲಿಪಿ ಕೂತಿರುತ್ತವೆ ಎನ್ನುವುದನ್ನು ನಾನು ಕಲಿತದ್ದು ಆಗಲೇ. ಮೂಲೆಯ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಇಂಗ್ಲಿಷ್ ಹೋಗಿ ಕನ್ನಡ ಬರುತ್ತದೆ. ಮತ್ತೆ ಒತ್ತಿದರೆ ಕನ್ನಡ ಹೋಗಿ ಇಂಗ್ಲಿಷ್. ಗುಂಡಿ ಅದೇ, ಬೆರಳು ಅದೇ, ಬೀಳುವ ಅಕ್ಷರ ಬೇರೆ. ಅರ್ಜಿಗಳಿಗೆ ಕನ್ನಡ, ಆಫೀಸಿನವರು ಕಳಿಸುವ ಕೆಲವು ಫಾರಮುಗಳಿಗೆ ಇಂಗ್ಲಿಷ್. ಹತ್ತು ನಿಮಿಷ ಮುಟ್ಟದಿದ್ದರೆ ಪರದೆ ಕಪ್ಪಾಗಿ ತಾನೇ ಬೀಗ ಹಾಕಿಕೊಳ್ಳಬೇಕು ಎಂದು ಟೀಚರಿಗೆ ಕೇಳಿಕೊಂಡವಳು ನಾನೇ. ಆ ಅರ್ಜಿಗಳಲ್ಲಿ ಯಾರ ಗಂಡ ಬಿಟ್ಟುಹೋದ, ಯಾರಿಗೆ ಯಾವ ರೋಗ ಎಂಬುದೆಲ್ಲ ಇರುತ್ತಿತ್ತು. ಹೇಳಿದವರು ನನ್ನನ್ನು ನಂಬಿ ಹೇಳಿದ್ದು. ಬಾಗಿಲು ತೆರೆದಿರುವ ಕೋಣೆಯಲ್ಲಿ ಅದು ಬಿಚ್ಚಿ ಬೀಳಬಾರದಲ್ಲ.

ಮೂರು ವರ್ಷ ಯಾವ ತಕರಾರೂ ಇರಲಿಲ್ಲ. ಒಂದು ದೀಪಾವಳಿಯ ರಜೆಯಲ್ಲಿ ಸರೋಜಾ ಟೀಚರ್ ಬಂದು ಹಳೆಯ ಲಿನಕ್ಸ್ ತೆಗೆದು ಹೊಸದನ್ನು ಹಾಕಿ, ಎಲ್ಲ ತೋರಿಸಿ, ಅವಲಕ್ಕಿ ತಿಂದು ಹೋದರು. ಅದಾಗಿ ನಾಲ್ಕೈದು ದಿನಕ್ಕೆ ನಾನು ಊಟ ಮುಗಿಸಿ ಬಂದು ಕೂತು ಪಾಸ್‌ವರ್ಡ್ ಒತ್ತಿದೆ. ತಪ್ಪು ಎಂದಿತು. ಕನ್ನಡಕ ಒರೆಸಿಕೊಂಡು ಒಂದೊಂದೇ ಬೆರಳಿಟ್ಟು ಒತ್ತಿದೆ. ತಪ್ಪು. ಚುಕ್ಕೆಗಳನ್ನು ಎಣಿಸಿದೆ, ಸರಿಯಾಗಿಯೇ ಇದ್ದವು. ಆದರೂ ತಪ್ಪು. ಕೊನೆಗೆ ಗುಂಡಿ ಒತ್ತಿ ಯಂತ್ರವನ್ನೇ ಆರಿಸಿ ಮತ್ತೆ ಹಚ್ಚಿದೆ. ಆಗ ಅದೇ ಪಾಸ್‌ವರ್ಡಿಗೆ ಸುಮ್ಮನೆ ತೆರೆದುಕೊಂಡಿತು. ಅರ್ಧ ಬರೆದಿದ್ದ ಪಿಂಚಣಿ ಅರ್ಜಿ ಮಾತ್ರ ಹೋಗಿತ್ತು.

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಆಗಲಿಲ್ಲ. ಆಮೇಲೆ ಮತ್ತೆ ಆಯಿತು. ಬೆಳಿಗ್ಗೆ ಹಚ್ಚಿದಾಗ ಒಂದು ದಿನವೂ ತಪ್ಪು ಎನ್ನಲಿಲ್ಲ. ಅನ್ನುತ್ತಿದ್ದದ್ದು ಮಧ್ಯಾಹ್ನ.

ಇದಕ್ಕೆ ನಾನು ಹೆದರಿದೆ. ಯಾಕೆಂದರೆ ನನ್ನ ಅವ್ವನಿಗೆ ಮರೆವು ಶುರುವಾದದ್ದೂ ಹೀಗೆಯೇ. ಹೊಸ ಊರಿಗೆ ಹೋದ ಎರಡನೆಯ ವರ್ಷದಲ್ಲಿ. ಬೆಳಿಗ್ಗೆ ಅವಳು ಸರಿಯಾಗಿಯೇ ಇರುತ್ತಿದ್ದಳು, ಎಮ್ಮೆ ಹಿಂಡುತ್ತಿದ್ದಳು, ನನ್ನ ಮಕ್ಕಳ ಹೆಸರು ಹೇಳಿ ಕರೆಯುತ್ತಿದ್ದಳು. ಹೊತ್ತು ಏರಿದಂತೆ ಎಲ್ಲ ಕಲಸಿಹೋಗುತ್ತಿತ್ತು. ಕೊನೆಯ ವರ್ಷ ನಾನು ಯಾರೆಂದು ನನ್ನನ್ನೇ ಕೇಳಿದಳು. ಅವಳ ಮಗಳಲ್ಲವೇ ನಾನು? ಬೆಳಿಗ್ಗೆ ತೆರೆದು ಮಧ್ಯಾಹ್ನ ಮುಚ್ಚುವ ತಲೆ ನನಗೂ ಬಂತು ಎಂದುಕೊಂಡೆ. ಯಂತ್ರ ಕೆಟ್ಟಿರಬಹುದು ಎಂಬ ಯೋಚನೆ ಹತ್ತಿರ ಸುಳಿಯಲೇ ಇಲ್ಲ. ಏಳನೆಯ ತರಗತಿಯವಳಿಗೂ ಕಂಪ್ಯೂಟರಿಗೂ ವ್ಯಾಜ್ಯ ಬಂದರೆ ತಪ್ಪು ಯಾರದೆಂದು ಹೊಸದಾಗಿ ತೀರ್ಮಾನಿಸುವುದೇನಿದೆ?

ಯಾರಿಗೂ ಹೇಳಲಿಲ್ಲ. ರೊಟ್ಟಿ ಬಡಿಯುವಾಗ ನನ್ನನ್ನು ನಾನೇ ಪರೀಕ್ಷೆಗೆ ಕೂಡಿಸಿಕೊಂಡೆ. ಹತ್ತೊಂಬತ್ತರ ಮಗ್ಗಿ. ನೀರಿಗೆ ಹೋದ ತವರೂರಿನಲ್ಲಿ ಊರಬಾಗಿಲಾದ ಅಗಸಿಯಿಂದ ಹಿಡಿದು ಹೊಳೆಯವರೆಗೆ ಸಾಲುಮನೆಗಳ ಹೆಸರು. ಮದುವೆಯಲ್ಲಿ ಯಾರು ಯಾವ ಬಣ್ಣದ ಕುಪ್ಪಸವನ್ನು ಆಯೇರಿಯೆಂದು ಉಡುಗೊರೆ ಮಾಡಿದರು. ಎಲ್ಲ ಪಟಪಟ ಬರುತ್ತಿತ್ತು. ರೊಟ್ಟಿ ಎರಡು ಸೀದವು, ಅಷ್ಟೆ. ಸಮಾಧಾನದಿಂದ ಸಂಘಕ್ಕೆ ಹೋಗುತ್ತಿದ್ದೆ, ಮಧ್ಯಾಹ್ನ ಮತ್ತೆ ತಪ್ಪು. ಹನ್ನೆರಡನೆಯ ದಿನ ಗಟ್ಟಿ ಮನಸ್ಸು ಮಾಡಿ ಸಂಘದ ಕೋಣೆಯ ಕೀಲಿಯನ್ನು ನೀಲವ್ವನ ಮುಂದಿಟ್ಟೆ.

ನೀಲವ್ವ ಸಂಘದ ಕಾರ್ಯದರ್ಶಿ. ಮನೆಯಲ್ಲಿ ಎರಡು ಮಗ್ಗ, ಬಾಯಲ್ಲಿ ಒಂದು. ನನಗೆ ಮರೆವಿನ ಜಡ್ಡು ಹತ್ತಿದೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ತಲೆ ತಗ್ಗಿಸಿ ಹೇಳಿದೆ. ಅವಳು ಕೀಲಿಯ ಕಡೆ ನೋಡಲೂ ಇಲ್ಲ.

"ಮರವು? ನಿನಗ? ಹೋದ ಬೇಸಿಗ್ಯಾಗ ನಾ ಕಡಾ ಒಯ್ದ ಸಾಣಿಗಿ ಇನ್ನೂ ಕೇಳಾಕತ್ತೀಯಲ್ಲಬೇ."

"ನಗಬ್ಯಾಡ ನೀಲವ್ವಾ. ನಮ್ಮವ್ವಗ ಆಗಿದ್ದs ನನಗ ಆಗಾಕತ್ತೈತಿ."

ಆಗ ಅವಳು ನಗು ಬಿಟ್ಟಳು. ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟು ನನ್ನ ಹತ್ತಿರ ಸರಿದು ಕೂತಳು. ನಮ್ಮ ಬನಹಟ್ಟಿಯ ನೇಕಾರರಲ್ಲಿ ಒಂದು ಪದ್ಧತಿ ಇದೆ. ನೇಯುವಾಗ ಬಟ್ಟೆಯಲ್ಲಿ ತಪ್ಪು ಬಿದ್ದರೆ ಅಲ್ಲೇ ಮಗ್ಗ ನಿಲ್ಲಿಸಿ ಜಗಳಕ್ಕೆ ನಿಲ್ಲುವುದಿಲ್ಲ. ಆ ಜಾಗದಲ್ಲಿ ಅಂಚಿಗೆ ಒಂದು ಬಣ್ಣದ ದಾರ ಕಟ್ಟಿ ಮುಂದೆ ನೇಯುತ್ತಾರೆ. ಸೀರೆ ಇಳಿಸಿದ ಮೇಲೆ ಹಾಸಿ ದಾರಗಳನ್ನು ನೋಡುತ್ತಾರೆ. ನೀಲವ್ವ ಹೇಳಿದ್ದು ಇಷ್ಟೇ:

"ಗಂಟು ಒಂದs ಅಂತರಕ್ಕ ಬಂದ್ವು ಅಂದ್ರ ಮಗ್ಗದ ತಪ್ಪು. ಹೆಂಗ್ಯಾರ ಬಂದ್ವು ಅಂದ್ರ ನೇಯಾಕಿ ತಪ್ಪು. ನೀ ದಾರಾ ಕಟ್ಟಿ ನೋಡಿಯೇನು? ನೋಡದs ನಿನ್ನ ತಲೀಗ್ಯಾಕ ಹೊರಸ್ತಿ?"

ಹಿಟ್ಟು ಸೋಸುವ ಆ ಸಾಣಿಗೆಯನ್ನು ವಾಪಸು ಕೊಡುವ ಮಾತು ಅಲ್ಲಿಗೇ ಮುಳುಗಿತು ಎನ್ನುವುದು ಬೇರೆ. ಅವಳು ಮಗ್ಗದ ಬುಡದಿಂದ ಒಂದು ಹಿಡಿ ಕೆಂಪು ದಾರ, ಒಂದು ಹಿಡಿ ಬಿಳಿ ದಾರ ಕೊಟ್ಟು ಕಳಿಸಿದಳು. ನಾನು ಕಿಟಕಿಯ ಸರಳಿಗೆ ಕಟ್ಟುತ್ತ ಬಂದೆ. ಬೀಗ ತೆರೆಯದಿದ್ದರೆ ಕೆಂಪು, ತೆರೆದರೆ ಬಿಳಿ. ಪ್ರತಿ ದಾರದ ಕೆಳಗೆ ಆ ಹೊತ್ತು ಬರೆಯುತ್ತಿದ್ದುದರ ಕಚ್ಚಾ ಕಾಗದವನ್ನು ಯಾರೂ ಓದದಂತೆ ಮಡಿಸಿ ಸಿಕ್ಕಿಸಿಟ್ಟೆ. ಊಟಕ್ಕೆ, ಚಹಾಕ್ಕೆ, ಯಾರೋ ಬಂದರೆಂದು, ದಿನಕ್ಕೆ ಎರಡು ಮೂರು ಸಲ ಏಳುತ್ತಿದ್ದೆನಲ್ಲ, ಒಂದು ವಾರಕ್ಕೆ ಸರಳು ತುಂಬಿತು. ಬಂದವರು ಯಾವ ದೇವರಿಗೆ ಹರಕೆ ಎಂದು ಕೇಳಿದರು. ಅವರಲ್ಲಿ ಒಬ್ಬಾಕೆ ಕೈಮುಗಿದೇ ಹೋದಳು.

ಅಷ್ಟಾದರೂ ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಕಾಣಬೇಕಾದರೆ ಮೊದಲು ಧೈರ್ಯ ಬೇಕು, ಅದು ಇರಲಿಲ್ಲ. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಬೀಗ ಮತ್ತೆ ಬಿತ್ತು. ಒಳಗೆ ಒಬ್ಬ ಹೆಣ್ಣುಮಗಳ ಎರಡು ಪುಟದ ಅರ್ಜಿ ಉಳಿಸದೆ ಕೂತಿತ್ತು. ಅವಳು ಅಳುತ್ತ ಹೇಳಿದ್ದನ್ನು ಕಚ್ಚಾ ಕಾಗದವಿಲ್ಲದೆ ನೇರವಾಗಿ ಒತ್ತಿದ್ದು, ಇನ್ನೊಮ್ಮೆ ಅವಳಿಂದ ಹೇಳಿಸುವ ಮನಸ್ಸಿರಲಿಲ್ಲ. ಆರಿಸಿದರೆ ಹೋಗಿಬಿಡುತ್ತದೆ. ಬೇರೆ ದಾರಿಯಿಲ್ಲದೆ ಜಮಖಂಡಿಗೆ ಸರೋಜಾ ಟೀಚರಿಗೆ ಫೋನು ಹಚ್ಚಿದೆ. ಫೋನಿನಲ್ಲಿ ಮಾತಾಡುವುದು ನನಗೆ ನಾಲ್ಕು ಜನರ ಮುಂದೆ ಮಾತಾಡಿದ ಹಾಗೆಯೇ.

ಟೀಚರ್ ಸಮಾಧಾನದಿಂದ ಕೇಳಿಸಿಕೊಂಡರು. ದೊಡ್ಡ ಅಕ್ಷರದ ಗುಂಡಿ ಒತ್ತಿಹೋಗಿದೆಯೇ ನೋಡಲು ಹೇಳಿದರು, ಇರಲಿಲ್ಲ. ಕೀಲಿಮಣೆಯ ತಂತಿ ಕಿತ್ತು ಮತ್ತೆ ಸಿಕ್ಕಿಸಲು ಹೇಳಿದರು, ಏನೂ ಆಗಲಿಲ್ಲ. ಆಮೇಲೆ ನನಗೆ ಬೇಡವಾದ ಪ್ರಶ್ನೆ ಬಂತು.

"ನಿಮ್ಮ ಪಾಸ್‌ವರ್ಡ್ ಏನೈತಿ ಹೇಳ್ರಿ ಗೌರವ್ವಾರ. ಒಂದೊಂದs ಅಕ್ಷರ ಕೂಡೇ ನೋಡೂನು."

"ಹೇಳಾಕ ಬರಂಗಿಲ್ರಿ."

"ಮರ್ತೀರೇನ್ರಿ?"

"ಮರ್ತಿಲ್ರಿ. ಹೇಳಾಕ ಬರಂಗಿಲ್ಲ."

ಟೀಚರ್ ಸಾವಳಗಿಯ ಹೆಣ್ಣುಮಗಳು, ಅವರ ಅವ್ವನೂ ನನ್ನಂಥವಳೇ ಇರಬೇಕು. "ಯಜಮಾನರ ಹೆಸರಿಟ್ಟೀರಿ ಹೌದಿಲ್ರೀ?" ಎಂದು ಮೆಲ್ಲಗೆ ಕೇಳಿದರು.

ನಾನು ಹೂಂ ಎನ್ನಲೂ ನಾಚಿ ಕೆಮ್ಮಿದೆ. ಮೂವತ್ತೊಂದು ವರ್ಷ ಸಂಸಾರ ಮಾಡಿದರೂ ಆ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಮದುವೆಯಲ್ಲಿ ಹೊಸ್ತಿಲು ಅಡ್ಡ ಹಾಕಿ ಗಂಡನ ಹೆಸರು ಹೇಳು ಎಂದು ಕಾಡಿದಾಗ ಒಡಪಿನ ಪ್ರಾಸದ ಪದ್ಯದಲ್ಲಿ ಸುತ್ತಿ ಹೇಳಿದ್ದೇ ಮೊದಲು, ಅದೇ ಕೊನೆ. ಆದರೆ ಬೆರಳಿಗೆ ಆ ಕಟ್ಟು ಇಲ್ಲ ಎಂದು ಕಂಪ್ಯೂಟರಿನ ಮುಂದೆ ಕೂತ ಮೊದಲ ದಿನವೇ ನನಗೆ ಹೊಳೆದಿತ್ತು. ಪರದೆಯ ಮೇಲೆ ಬೀಳುವುದು ಬರೀ ಚುಕ್ಕೆ. ಕೇಳುವವರಿಲ್ಲ, ನೋಡುವವರಿಲ್ಲ. ಅವರು ಹೋದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದೆ, ಬದುಕಿದ್ದಾಗ ಒಮ್ಮೆಯೂ ಕರೆಯದವಳು. ಅದೇ ಹೆಸರು ತಪ್ಪು ಎಂದು ಯಂತ್ರ ಹೇಳಿದರೆ ನನಗೆ ಹೇಗಾಗಿರಬೇಡ ನೀವೇ ಯೋಚಿಸಿ.

ಟೀಚರ್ ಹೆಸರನ್ನು ಹೇಳಿಸಲಿಲ್ಲ. ಅದಕ್ಕಾಗಿ ಅವರಿಗೆ ಇವತ್ತಿಗೂ ಋಣಿ. ಲಿನಕ್ಸಿಗೆ ಒಂದು ಹಿತ್ತಲ ಬಾಗಿಲು ಇದೆ, ಅಲ್ಲಿ ನೋಡೋಣ ಎಂದರು. ಮೂರು ಗುಂಡಿ ಒಟ್ಟಿಗೆ ಒತ್ತಿಸಿದರು. ಚಿತ್ರ, ಬಣ್ಣ ಎಲ್ಲ ಹೋಗಿ ಕಪ್ಪು ಹಲಗೆಯಂಥ ಪರದೆ ಬಂತು. ಅದರ ಮೇಲೆ ಬಿಳಿ ಅಕ್ಷರದಲ್ಲಿ ನಿನ್ನ ಹೆಸರೇನು, ಪಾಸ್‌ವರ್ಡ್ ಏನು ಎನ್ನುವ ಎರಡೇ ಪ್ರಶ್ನೆ. ಒತ್ತಿದೆ. ಇಲ್ಲಿ ಚುಕ್ಕೆಯೂ ಬೀಳಲಿಲ್ಲ. ಒಳಗೆ ಬಿಟ್ಟುಕೊಂಡಿತು.

"ಬಿಡ್ತ್ರೀ ಟೀಚರ್," ಎಂದೆ.

"ಹಂಗಾದ್ರ ನೀವು ಮರ್ತಿಲ್ರಿ. ನಿಮ್ಮ ಪಾಸ್‌ವರ್ಡ್ ಖರೇನ ಐತಿ. ತಪ್ಪು ಮುಂಚೀ ಬಾಗಲದ್ದು."

ಅವರು ಹೇಳಿದ ಒಂದು ಸಾಲನ್ನು ಅಕ್ಷರ ಅಕ್ಷರವಾಗಿ ಒತ್ತಿ, ಮತ್ತೆ ಮೂರು ಗುಂಡಿ ಒತ್ತಿ ಮುಂದಿನ ಪರದೆಗೆ ಬಂದಾಗ ಬೀಗ ಸರಿದಿತ್ತು, ಅರ್ಜಿ ಬಿಟ್ಟ ಸಾಲಿನಲ್ಲೇ ಕಾಯುತ್ತಿತ್ತು. ಮೊದಲು ಅದನ್ನು ಉಳಿಸಿದೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಮುಂಬಾಗಿಲು ಯಾಕೆ ಹೀಗೆ ಮಾಡುತ್ತದೆ ಎಂದು ಟೀಚರಿಗೂ ಗೊತ್ತಾಗಲಿಲ್ಲ, ರವಿವಾರ ಬಂದು ನೋಡುತ್ತೇನೆ ಎಂದರು.

ರವಿವಾರದವರೆಗೆ ಕಾಯುವುದು ನನ್ನಿಂದ ಆಗಲಿಲ್ಲ. ಹತ್ತೊಂಬತ್ತು ದಿನ ಹೆದರಿದವಳಿಗೆ ಒಮ್ಮೆಗೇ ಧೈರ್ಯ ಬಂದರೆ ಅದು ಹುಚ್ಚುಧೈರ್ಯ. ಕಿಟಕಿಯ ಸರಳಿನ ದಾರಗಳನ್ನು ಒಂದೊಂದಾಗಿ ಬಿಚ್ಚಿ, ಕಾಗದಗಳ ಜೊತೆ ನೆಲದ ಮೇಲೆ ಹಾಸಿದೆ. ಕೆಂಪು ದಾರದ ಕಾಗದಗಳನ್ನು ಒಂದು ಕಡೆ ಇಟ್ಟೆ. ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡಿನ ಅರ್ಜಿ, ನಳದ ನೀರಿನ ತಕರಾರು. ಬಿಳಿ ದಾರದವು ಇನ್ನೊಂದು ಕಡೆ. ನೂಲಿನ ಫಾರಮು, ವಿಮೆಯ ಫಾರಮು. ಕೆಂಪೆಲ್ಲ ಕನ್ನಡ, ಬಿಳಿಯೆಲ್ಲ ಇಂಗ್ಲಿಷ್. ಒಂದು ದಾರವೂ ಆಚೀಚೆ ಇರಲಿಲ್ಲ.

ಕನ್ನಡಕ್ಕೆ ಬದಲಿಸಿ, ಬೇಕೆಂದೇ ಬೀಗ ಹಾಕಿದೆ. ತೆರೆಯಲಿಲ್ಲ. ಹಿತ್ತಲಿನಿಂದ ಬಂದು, ಇಂಗ್ಲಿಷಿಗೆ ಬದಲಿಸಿ ಬೀಗ ಹಾಕಿದೆ. ತೆರೆಯಿತು. ಮೂರು ಮೂರು ಸಲ ಹಾಗೆ ಮಾಡಿದೆ. ನಾನು ಯಾವ ಲಿಪಿಯನ್ನು ಕೈಯಲ್ಲಿ ಹಿಡಿದು ಎದ್ದು ಹೋಗುತ್ತಿದ್ದೆನೋ ಬೀಗವೂ ಅದನ್ನೇ ಹಿಡಿದು ಕೂತಿರುತ್ತಿತ್ತು. ನಾನು ಅವರ ಹೆಸರನ್ನು ಒತ್ತುತ್ತಿದ್ದದ್ದು ಇಂಗ್ಲಿಷ್ ಗುಂಡಿಗಳ ಲೆಕ್ಕದಲ್ಲಿ. ಅದು ಅದೇ ಗುಂಡಿಗಳನ್ನು ಕನ್ನಡದ್ದೆಂದು ಓದಿ, ಅರ್ಥವಿಲ್ಲದ ಯಾವುದೋ ಅಕ್ಷರಗಳ ಸಾಲು ಮಾಡಿಕೊಂಡು, ತಪ್ಪು ಎನ್ನುತ್ತಿತ್ತು. ಹಿತ್ತಲ ಬಾಗಿಲಿಗೆ ಗೊತ್ತಿದ್ದದ್ದು ಇಂಗ್ಲಿಷ್ ಒಂದೇ, ಅದಕ್ಕೇ ಅದು ತೆರೆದಿತ್ತು. ಮೇಲೆ ಬೀಳುವುದು ಚುಕ್ಕೆ, ಚುಕ್ಕೆಯನ್ನು ನೋಡಿ ಯಾವ ಲಿಪಿಯೆಂದು ಯಾರಿಗೆ ಹೇಳಲಾದೀತು? ಬೆಳಿಗ್ಗೆ ಹಚ್ಚುವಾಗ ಅದು ಇಂಗ್ಲಿಷಿನಿಂದಲೇ ಶುರುವಾಗುತ್ತಿದ್ದುದರಿಂದ ಬೆಳಗಿನ ಹೊತ್ತು ನಾನು ಜಾಣೆಯಾಗಿರುತ್ತಿದ್ದೆ.

ಟೀಚರಿಗೆ ಫೋನು ಮಾಡಿ ಹೇಳಿದೆ. ಈ ಸಲ ಕೆಮ್ಮಲಿಲ್ಲ. ಅವರು ತಮ್ಮಲ್ಲಿಯೂ ಹಾಗೆ ಮಾಡಿ ನೋಡಿ, "ಇದು ನನಗ ಹೊಳೀಬೇಕಿತ್ತಲ್ರೀ" ಎಂದರು. ಹಳೆಯ ಲಿನಕ್ಸಿನಲ್ಲಿ ಬೀಗದ ಪರದೆಯ ಮೂಲೆಗೆ ಯಾವ ಲಿಪಿ ಎಂದು ಸಣ್ಣದಾಗಿ ತೋರಿಸುತ್ತಿತ್ತಂತೆ, ಅಲ್ಲಿಯೇ ಬದಲಿಸಲೂ ಬರುತ್ತಿತ್ತಂತೆ. ನನಗೇ ಅರಿವಿಲ್ಲದೆ ಬೆರಳು ಅದನ್ನು ಮಾಡುತ್ತಿದ್ದಿರಬೇಕು. ಹೊಸದರಲ್ಲಿ ಆ ಗುರುತೂ ಇಲ್ಲ, ಬದಲಿಸುವ ಗುಂಡಿಯೂ ಅಲ್ಲಿ ಕೇಳುವುದಿಲ್ಲ. ಮಾಡಿದವರ ಕಣ್ಣು ತಪ್ಪಿತ್ತು, ಅಷ್ಟೇ. ಒಂದೇ ಲಿಪಿಯಲ್ಲಿ ಬರೆಯುವವರಿಗೆ ಅದು ಎಂದೂ ಕಾಣುವ ತಪ್ಪಲ್ಲ. ಟೀಚರ್ ನನ್ನ ಕೆಂಪು ಬಿಳಿ ದಾರದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು ಆ ಲಿನಕ್ಸ್ ಮಾಡಿದವರಿಗೆ ಕಳಿಸಿದರು. ಕೆಲವು ವಾರಕ್ಕೆ, ನಾವು ಎಂದೂ ನೋಡದ ಯಾವುದೋ ದೇಶದಿಂದ, ಬಿಡಿಸಿ ಹೇಳಿದ್ದಕ್ಕೆ ಉಪಕಾರವಾಯಿತು, ಸರಿಪಡಿಸಿದ್ದೇವೆ ಎಂದು ಉತ್ತರ ಬಂತು. ಅದನ್ನು ಟೀಚರ್ ಕನ್ನಡ ಮಾಡಿ ಓದಿ ಹೇಳಿದಾಗ ನಾನು ಪಾತ್ರೆ ತೊಳೆಯಲು ಎದ್ದು ಹೋದೆ. ನೀಲವ್ವ ಮಾತ್ರ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು, ಕಂಪ್ಯೂಟರ್ ರಿಪೇರಿ ಮಾಡಿದ್ದು ತನ್ನ ದಾರ ಎಂದು. ಅದು ಸುಳ್ಳೂ ಅಲ್ಲ.

ಬೀಗ ಸರಿಯಾಗಿ ಎಷ್ಟೋ ದಿನ ಆದ ಮೇಲೆ ಒಂದು ಸಂಜೆ ನನಗೆ ಅವ್ವನ ನೆನಪು ಬೇರೆ ರೀತಿಯಲ್ಲಿ ಬಂತು. ಹೊಸ ಊರಿನಲ್ಲಿ ಅವಳು ಕೊಡ ಹಿಡಿದು ಬಾಗಿಲಿನಿಂದ ಹೊರಬಿದ್ದು, ಎಡಕ್ಕೆ ಹೊರಳಿ, ಮೂವತ್ತು ಹೆಜ್ಜೆ ಹೋಗಿ, ಯಾರದೋ ಮನೆಯ ಗೋಡೆಯ ಮುಂದೆ ನಿಂತುಬಿಡುತ್ತಿದ್ದಳು. ನಳ ಇದ್ದದ್ದು ಬಲಕ್ಕೆ. ಎಷ್ಟು ಸಲ ಹೇಳಿದರೂ ಎಡಕ್ಕೇ. ಎಲ್ಲರೂ ತಪ್ಪು ತಪ್ಪು ಎಂದು ಕೈಹಿಡಿದು ತಿರುಗಿಸುತ್ತಿದ್ದೆವು, ಅವಳು ನಾಚಿಕೊಂಡು ತಲೆ ತಗ್ಗಿಸುತ್ತಿದ್ದಳು. ಮುಳುಗಿದ ಊರಿನಲ್ಲಿ ನಮ್ಮ ಬಾಗಿಲಿನಿಂದ ಎಡಕ್ಕೆ ಮೂವತ್ತು ಹೆಜ್ಜೆಗೆ ಬಾವಿ ಇತ್ತು. ಅವ್ವನಿಗೆ ಮರೆವು ಇರಲೇ ಇಲ್ಲ ಎನ್ನುವಷ್ಟು ದಡ್ಡಿ ನಾನಲ್ಲ. ಕೊನೆಗೆ ಅದು ಬಂದದ್ದು ಹೌದು. ಆದರೆ ಆ ಮೂವತ್ತು ಹೆಜ್ಜೆಯಲ್ಲಿ ಒಂದೂ ತಪ್ಪಿರಲಿಲ್ಲ. ಅವಳ ಕಾಲಿಗೆ ಎಲ್ಲ ನೆನಪಿತ್ತು. ಊರನ್ನು ಬದಲಿಸಿದವರು ಅವಳಿಗೆ ಕಾಣುವಂತೆ ಎಲ್ಲಿಯೂ ಗುರುತು ಹಚ್ಚಿರಲಿಲ್ಲ, ಅಷ್ಟೇ. ಇದು ತಿಳಿಯಲು ನನಗೆ ಒಂದು ಕೆಟ್ಟ ಬೀಗ ಬೇಕಾಯಿತು. ಅದು ಕೆಡದಿದ್ದರೆ ನನ್ನ ಅವ್ವನನ್ನು ನಾನು ಕೊನೆಯವರೆಗೂ ಅಷ್ಟು ಅನ್ಯಾಯವಾಗಿಯೇ ನೆನೆಯುತ್ತಿದ್ದೆ. ಕೆಡಿಸಿದವರಿಗೂ, ಸರಿಪಡಿಸಿದವರಿಗೂ ಆಯಿ ಎರಡೂ ಕೈ ಮುಗಿದಿದ್ದಾಳೆ.

ನನಗೂ ವಯಸ್ಸಾಗುತ್ತಿದೆ. ಮುಂದೆ ಒಂದು ದಿನ ನಾನು ನಿಮ್ಮಲ್ಲಿ ಒಬ್ಬರನ್ನು ಇನ್ಯಾರದೋ ಹೆಸರಿನಿಂದ ಕರೆಯಬಹುದು, ನಡುಮಧ್ಯಾಹ್ನ ಎದ್ದು ಹೊಲಕ್ಕೆ ಬುತ್ತಿ ಕಟ್ಟಬೇಕು ಎಂದು ಗಡಿಬಿಡಿ ಮಾಡಬಹುದು. ಆಗ ತಪ್ಪು ಎಂದು ಮೂರು ಸಲ ಹೇಳಬೇಡಿ. ಹತ್ತಿರ ಕೂತು, ಆಯಿ, ಈಗ ಯಾವ ಊರಾಗ ಅದೀ ಎಂದು ಕೇಳಿ. ಹೇಳುತ್ತೇನೆ. ನೀವು ಹುಟ್ಟುವ ಮೊದಲಿನ ಊರಾದರೆ ಹೆದರಬೇಡಿ, ಬನ್ನಿ, ಅಗಸಿಯಿಂದ ಹೊಳೆಯವರೆಗೆ ಎಲ್ಲ ಮನೆ ತೋರಿಸುತ್ತೇನೆ.